ನಿಲ್ಲುವ ವಿದ್ಯೆ

ನಮ್ಮ ತಂಗಿಯ ಮಗ ಗುರುಗ್ರಾಮದಲ್ಲಿ ಕೆಲಸದಲ್ಲಿದ್ದಾನೆ. ಏನು ಕೆಲಸವೆಂದು ಕೇಳಬೇಡಿ. ಅವನು ಎರಡು ಸಲ ವಿವರಿಸಿದ್ದಾನೆ. ನಾವು ಎರಡು ಸಲವೂ ತಿಳಿದವರಂತೆ ತಲೆಯಾಡಿಸಿದ್ದೇವೆ. ಸಂಬಳ ಚೆನ್ನಾಗಿದೆ ಎಂಬುದಂತೂ ನಿಜ, ಏಕೆಂದರೆ ಎರಡು ವರ್ಷದ ಹಿಂದೆ ಜರ್ಮನ್ ಹೆಸರಿನ ಒಂದು ಕಾರನ್ನು ಕೊಂಡು ಮಯೂರ ವಿಹಾರದ ನಮ್ಮ ಮನೆಯ ಮುಂದೆ ತಂದು ನಿಲ್ಲಿಸಿದ. ಕೂತರೆ ದಿವಾನಖಾನೆ, ಕಾಲೊತ್ತಿದರೆ ಪಟ್ಟದ ಕುದುರೆ. ನಮ್ಮ ಮನೆಯವರು ಅದಕ್ಕೆ ಆರತಿ ಎತ್ತಿ, ನಾಲ್ಕು ಚಕ್ರಕ್ಕೂ ನಿಂಬೆಹಣ್ಣು ಇಟ್ಟರು. ನಾವು ಸೀಟಿನ ಚರ್ಮವನ್ನು ಸವರಿ ನೋಡಿ, ‘ಇದರ ಬೆಲೆಗೆ ನಮ್ಮ ಊರಲ್ಲಿ ಎಷ್ಟು ಅಡಿಕೆ ತೋಟ ಬರುತ್ತಿತ್ತು’ ಎಂದು ಮನಸ್ಸಿನಲ್ಲೇ ಲೆಕ್ಕ ಹಾಕಿ ಸುಮ್ಮನಾದೆವು.

ಕಥೆ ಅಷ್ಟಕ್ಕೇ ಮುಗಿದಿದ್ದರೆ ಈ ಲೇಖನಕ್ಕೆ ಅವಕಾಶವಿರುತ್ತಿರಲಿಲ್ಲ. ಹೋದ ವರ್ಷ ಬೇಸಗೆಯಲ್ಲಿ ಒಂದು ರಾತ್ರಿ ಅವನ ಹೆಂಡತಿ ಫೋನು ಮಾಡಿದಳು. ‘ಮಾವ, ನೀವೊಂದು ಮಾತು ಹೇಳಿ ನೋಡಿ. ಕಾರಿಗೆ ಹೊಸ ಬ್ರೇಕು ಹಾಕಿಸ್ತಾರಂತೆ. ನಾಲ್ಕು ಲಕ್ಷವಂತೆ. ಈಗಿರೋ ಬ್ರೇಕು ಹಿಡಿಯಲ್ವಾ ಅಂದರೆ, ಹಿಡಿಯುತ್ತೆ, ಆದರೆ ಇದು ಬೇರೆ ಥರ ಹಿಡಿಯುತ್ತೆ ಅಂತಾರೆ.’ ದನಿ ಸ್ವಲ್ಪ ನಡುಗುತ್ತಿತ್ತು. ಮನೆಗೆ ಹೊಸ ಜೀವ ಬರುವ ಸಮಯ. ಡಿಸೆಂಬರಿನಲ್ಲಿ ಹೆರಿಗೆಯೆಂದು ಡಾಕ್ಟರು ಹೇಳಿದ್ದರು. ನಾಲ್ಕು ಲಕ್ಷಕ್ಕೆ ಬೇರೆ ದಾರಿಗಳಿದ್ದವು. ಅದಕ್ಕಿಂತ ಮುಖ್ಯವಾಗಿ, ಇಂಥ ಬ್ರೇಕು ಬೇಕೆನ್ನುವವನು ಎಂಥ ವೇಗದಲ್ಲಿ ಹೋಗುತ್ತಿರಬಹುದು ಎಂಬುದು ಅವಳನ್ನು ಕಾಡುತ್ತಿತ್ತು. ಅದನ್ನು ಅವಳು ಬಾಯಿಬಿಟ್ಟು ಹೇಳಲಿಲ್ಲ, ನಾವೂ ಕೇಳಲಿಲ್ಲ.

ಈ ವಿಷಯದಲ್ಲಿ ತೀರ್ಪು ಕೊಡಲು ನಮಗಿರುವ ಅರ್ಹತೆಯೇನು ಎಂದು ಓದುಗರು ಕೇಳಬಹುದು. ನಾವು ಮೂವತ್ತೆರಡು ವರ್ಷ ಈ ರಾಜಧಾನಿಯ ಒಂದು ಭವನದಲ್ಲಿ ಕಡತ ನೋಡಿದವರು. ಓಡುವ ಕಡತವನ್ನು ನಿಲ್ಲಿಸುವುದರಲ್ಲಿ ನಮಗಿದ್ದ ಕೈಚಳಕವನ್ನು ಹಳೆಯ ಸಹೋದ್ಯೋಗಿಗಳು ಈಗಲೂ ನೆನೆಯುತ್ತಾರೆ. ಅಲ್ಲದೆ ನಮ್ಮ ಸೋದರಮಾವ ಆಗುಂಬೆ ಘಟ್ಟದಲ್ಲಿ ಬಸ್ಸು ಓಡಿಸಿದವರು. ಈ ಎರಡು ಬಲದ ಮೇಲೆ ಅಳಿಯನನ್ನು ಒಂದು ಶನಿವಾರ ಊಟಕ್ಕೆ ಕರೆದೆವು.

ಸಾರಿನ ನಂತರ ವಿಷಯಕ್ಕೆ ಬಂದೆವು. ಅವನು ಕೋಪಿಸಿಕೊಳ್ಳಲಿಲ್ಲ. ಕಾಗದ ಪೆನ್ನು ತೆಗೆದುಕೊಂಡು ಪಾಠವನ್ನೇ ಶುರು ಮಾಡಿದ. ‘ಮಾವ, ಬ್ರೇಕು ಕಾರನ್ನು ನಿಲ್ಲಿಸುತ್ತೆ ಅಂತ ಎಲ್ಲರೂ ತಿಳಿದಿದ್ದಾರೆ. ಅದು ಮಾಡೋ ಕೆಲಸ ಅದಲ್ಲ. ವೇಗವನ್ನು ಶಾಖವಾಗಿ ಮಾಡುತ್ತೆ, ಅಷ್ಟೆ.’ ಅವನ ಕಾರು ಸುಮಾರು ೧೭೦೦ ಕಿಲೋ. ಗಂಟೆಗೆ ೧೦೦ ಕಿಲೋಮೀಟರ್ ವೇಗದಲ್ಲಿ ಅದರೊಳಗೆ ತುಂಬಿರುವ ಶಕ್ತಿ ಆರೂವರೆ ಲಕ್ಷ ಜೂಲ್. ನಾವು ಜೂಲ್ ಎಂದರೆ ಅರಿಯದವರಾದ್ದರಿಂದ ಅವನೇ ಅಡಿಗೆಮನೆಯ ಭಾಷೆಗೆ ತಂದ: ಎರಡು ಲೀಟರ್ ತಣ್ಣೀರನ್ನು ಕಾಫಿಗೆ ಕುದಿಬರಿಸುವಷ್ಟು ಶಾಖ. ಅತ್ತೆ ಅದನ್ನು ಗ್ಯಾಸಿನ ಮೇಲೆ ಹತ್ತು ನಿಮಿಷದಲ್ಲಿ ಮಾಡುತ್ತಾರೆ. ಬ್ರೇಕು ಮೂರು ನಾಲ್ಕು ಸೆಕೆಂಡಿನಲ್ಲಿ ಮಾಡುತ್ತದೆ. ವೇಗ ಎರಡರಷ್ಟಾದರೆ ಶಾಖ ಎರಡರಷ್ಟಲ್ಲ, ನಾಲ್ಕರಷ್ಟು. ಅಂದರೆ ೨೦೦ರ ವೇಗದಿಂದ ನಿಂತರೆ ಎಂಟು ಲೀಟರ್. ‘ನೀನು ಇನ್ನೂರರಲ್ಲಿ ಹೋಗುತ್ತೀಯೇನೋ?’ ಎಂದು ನಮ್ಮ ಮನೆಯವರು ಹುಳಿಯ ಸೌಟು ಹಿಡಿದು ನಿಂತರು. ‘ರಸ್ತೆಯಲ್ಲಲ್ಲ ಅತ್ತೆ’ ಎಂದ. ಆ ಉತ್ತರದಿಂದ ಅವರಿಗೆ ಸಮಾಧಾನವಾದಂತೆ ಕಾಣಲಿಲ್ಲ.

ಇಷ್ಟು ಶಾಖ ಹೋಗಬೇಕಾದದ್ದೆಲ್ಲಿಗೆ? ಚಕ್ರದ ಜೊತೆ ತಿರುಗುವ ಬೀಡು ಕಬ್ಬಿಣದ ತಟ್ಟೆಗೆ, ಅದೇ ಡಿಸ್ಕು. ಆ ತಟ್ಟೆಯನ್ನು ಎರಡು ಕಡೆಯಿಂದ ಅದುಮುವ ತುಂಡುಗಳು ಪ್ಯಾಡುಗಳು. ಪ್ಯಾಡನ್ನು ಒತ್ತುವ ಇಕ್ಕಳ ಕ್ಯಾಲಿಪರು. ನಮ್ಮ ಕಾಲಿನ ಒತ್ತಡವನ್ನು ಅಲ್ಲಿಯವರೆಗೆ ಒಯ್ಯುವುದು ಸಣ್ಣ ಕೊಳವೆಯೊಳಗಿನ ಬ್ರೇಕ್ ಆಯಿಲ್. ಮಾಮೂಲು ಕಾರಿನ ಇಕ್ಕಳದಲ್ಲಿ ಒಂದೇ ಪಿಸ್ಟನ್ ಇರುತ್ತದೆ. ಅಳಿಯನ ಕಾರಿಗೆ ಕಾರ್ಖಾನೆಯಿಂದಲೇ ಮುಂದೆ ನಾಲ್ಕು ಪಿಸ್ಟನ್. ಅವನು ಆಸೆಪಟ್ಟದ್ದು ಆರು ಪಿಸ್ಟನ್ನಿನದು. ತಟ್ಟೆ ಇನ್ನೂ ಅಗಲ, ಇನ್ನೂ ದಪ್ಪ, ನಡುವೆ ಗಾಳಿಯಾಡುವ ಕಂಡಿಗಳು, ಮೈಮೇಲೆ ಗೀರುಗಳು. ರಬ್ಬರ್ ಕೊಳವೆಯ ಬದಲು ಉಕ್ಕಿನ ಹೆಣಿಗೆಯ ಕೊಳವೆ. ಹೆಚ್ಚು ಶಾಖ ತಡೆಯುವ ಪ್ಯಾಡು. ಇಂಥವನ್ನು ಮಾಡುವುದರಲ್ಲಿ ಹೆಸರಾದ ಇಟಲಿಯ ಬ್ರೆಂಬೊ ೧೯೬೧ರಲ್ಲಿ ಹುಟ್ಟಿದ ಕಂಪನಿ. ಪುಣೆಯಲ್ಲೂ ಅದರ ಕಾರ್ಖಾನೆಯಿದೆ. ಅದಕ್ಕೂ ಮೇಲೆ ಇಂಗಾಲದ ನಾರು ಸೇರಿಸಿದ ಸೆರಾಮಿಕ್ ತಟ್ಟೆಗಳುಂಟು. ತೂಕ ಕಬ್ಬಿಣದ ಅರ್ಧ, ಬೆಲೆ ಕೇಳಿದರೆ ನಮ್ಮ ಎದೆಯೇ ಬ್ರೇಕು ಹಾಕುವಂಥದು.

ಡಿಸ್ಕು ಬ್ರೇಕು ಮೆರೆದದ್ದೇ ಪಂದ್ಯದಲ್ಲಿ. ೧೯೫೩ರಲ್ಲಿ ಫ್ರಾನ್ಸಿನ ಲ ಮಾನ್ ಪಂದ್ಯದಲ್ಲಿ, ಇಪ್ಪತ್ತನಾಲ್ಕು ಗಂಟೆ ಓಡಬೇಕಾದ ಆ ಓಟದಲ್ಲಿ, ಡನ್‌ಲಪ್‌ನವರ ಡಿಸ್ಕು ಹಾಕಿದ ಜಾಗ್ವಾರ್ ಗೆದ್ದಿತು. ಉಳಿದವರಿಗಿಂತ ತಡವಾಗಿ ಬ್ರೇಕು ಒತ್ತಿಯೂ ತಿರುವಿನಲ್ಲಿ ಉಳಿಯಬಲ್ಲ ಕಾರು ಅದು. ಆಮೇಲೆ ಅದು ಮೆಲ್ಲಮೆಲ್ಲನೆ ಸಂಸಾರಸ್ಥರ ಕಾರಿಗೂ ಬಂತು. ನಾವು ದೆಹಲಿಯಲ್ಲಿ ಕೊಂಡ ಮೊದಲ ಹಳೆಯ ಕಾರಿಗೆ ಡ್ರಮ್ ಬ್ರೇಕು. ಮಳೆಗಾಲದಲ್ಲಿ ಮಿಂಟೋ ಸೇತುವೆಯ ಕೆಳಗಿನ ನೀರನ್ನು ದಾಟಿ ಬಂದರೆ ಡ್ರಮ್ಮಿನೊಳಗೆ ನೀರು ನಿಂತು, ಕನಾಟ್ ಪ್ಲೇಸಿನ ಒಂದು ಸುತ್ತು ಮುಗಿಯುವ ತನಕ ಬ್ರೇಕಿಗೂ ದೇವರಿಗೂ ವ್ಯತ್ಯಾಸವಿರುತ್ತಿರಲಿಲ್ಲ, ನಂಬಿಕೆಯೊಂದೇ ಆಧಾರ.

ಅಳಿಯ ಕಡೆಗೆ ಹೇಳಿದ: ‘ಮಾತು ಸಾಕು ಮಾವ. ಬುದ್ಧ ಸರ್ಕಿಟ್ಟಿಗೆ ಬನ್ನಿ, ಕಣ್ಣಾರೆ ನೋಡಿ, ಆಮೇಲೆ ತೀರ್ಪು ಕೊಡಿ.’

ಗ್ರೇಟರ್ ನೋಯಿಡಾದ ಬುದ್ಧ ಅಂತರರಾಷ್ಟ್ರೀಯ ಸರ್ಕಿಟ್ ಅನೇಕರಿಗೆ ನೆನಪಿರಬಹುದು. ೨೦೧೧, ೨೦೧೨, ೨೦೧೩ ಹೀಗೆ ಮೂರು ವರ್ಷ ಅಲ್ಲಿ ಫಾರ್ಮುಲಾ ಒನ್ ನಡೆಯಿತು. ಮೂರನ್ನೂ ಗೆದ್ದವನು ಜರ್ಮನಿಯ ಸೆಬಾಸ್ಟಿಯನ್ ವೆಟೆಲ್ ಒಬ್ಬನೇ. ೨೦೨೩ರಲ್ಲಿ ಮೋಟಾರ್ ಸೈಕಲ್ಲಿನ ದೊಡ್ಡ ಪಂದ್ಯವೂ ನಡೆಯಿತು. ಸುತ್ತಳತೆ ಐದು ಕಿಲೋಮೀಟರಿಗೆ ತುಸು ಹೆಚ್ಚು, ಹದಿನಾರು ತಿರುವು. ಮೂರನೆಯ ಮತ್ತು ನಾಲ್ಕನೆಯ ತಿರುವಿನ ನಡುವೆ ಒಂದು ಕಿಲೋಮೀಟರಿಗೂ ಉದ್ದದ ನೇರ ದಾರಿ. ಅದರ ಕೊನೆಗೆ ಮೈಯೆಲ್ಲ ಮಡಚಿದಂಥ ಬಲ ತಿರುವು. ಬ್ರೇಕಿನ ಪರೀಕ್ಷೆ ನಡೆಯುವುದೇ ಅಲ್ಲಿ. ನಾವು ಹೋದ ದಿನ ಸ್ವಂತ ಕಾರಿನವರಿಗೆ ಹಣ ಕಟ್ಟಿಸಿಕೊಂಡು ಓಡಿಸಲು ಬಿಟ್ಟಿದ್ದರು. ಹೆಲ್ಮೆಟ್ಟು ಕಡ್ಡಾಯ, ಎದುರು ವಾಹನವಿಲ್ಲ, ಹಸುವಿಲ್ಲ, ತಪ್ಪು ದಿಕ್ಕಿನಿಂದ ಬರುವ ಮೋಟಾರ್ ಸೈಕಲ್ಲಿಲ್ಲ. ದೆಹಲಿಯ ಸುತ್ತಮುತ್ತ ಇಷ್ಟು ಶಿಸ್ತಿನ ರಸ್ತೆಯನ್ನು ನಾವು ಹಿಂದೆಂದೂ ಕಂಡಿರಲಿಲ್ಲ.

ಅಳಿಯನ ಸಹೋದ್ಯೋಗಿಯೊಬ್ಬನ ಬಳಿ ಅದೇ ಕಾರು ಇತ್ತು, ಅದೇ ಟೈರು. ಬ್ರೇಕು ಮಾತ್ರ ಆ ಆರು ಪಿಸ್ಟನ್ನಿನದು. ಹೋಲಿಸಲು ಇದಕ್ಕಿಂತ ಒಳ್ಳೆಯ ಸಂದರ್ಭ ಸಿಗುವುದುಂಟೆ! ಬೆಳಿಗ್ಗೆ ಮೊದಲ ಕೆಲಸವಾಗಿ ಒಂದು ಕಡೆ ಗುರುತಿನ ಶಂಕುಗಳನ್ನಿಟ್ಟು, ೧೦೦ರ ವೇಗದಿಂದ ಪೂರ್ತಿ ಒತ್ತಿ ನಿಲ್ಲಿಸುವ ಪರೀಕ್ಷೆ. ಎರಡೂ ಕಾರು ನಾಲ್ವತ್ತು ಮೀಟರಿನ ಆಸುಪಾಸಿನಲ್ಲಿ ನಿಂತವು. ನಿಂತ ಜಾಗಗಳ ನಡುವೆ ನಮ್ಮ ಎರಡು ಹೆಜ್ಜೆಯ ಅಂತರವೂ ಇರಲಿಲ್ಲ. ಮತ್ತೊಮ್ಮೆ ಮಾಡಿಸಿದೆವು, ಈ ಸಲ ಕಾರ್ಖಾನೆಯ ಬ್ರೇಕಿನದೇ ಅರ್ಧ ಹೆಜ್ಜೆ ಮುಂಚೆ ನಿಂತಿತು. ‘ಎಲ್ಲಿ ಹೋಯಿತೋ ನಾಲ್ಕು ಲಕ್ಷ?’ ಎಂದೆವು, ಗೆದ್ದ ದನಿಯಲ್ಲಿ.

ಕಾರಣ ಅಲ್ಲಿದ್ದ ತರಬೇತಿಯವರು ಹೇಳಿದರು. ಕಾರನ್ನು ಕೊನೆಗೂ ಹಿಡಿಯುವುದು ಬ್ರೇಕಲ್ಲ, ನೆಲಕ್ಕೆ ತಗಲಿರುವ ಅಂಗೈಯಗಲದ ನಾಲ್ಕು ರಬ್ಬರ್ ತುಂಡು. ಕಾರ್ಖಾನೆಯ ಬ್ರೇಕಿಗೇ ಚಕ್ರವನ್ನು ಪೂರ್ತಿ ಬಿಗಿಹಿಡಿಯುವ ಬಲವಿದೆ. ಚಕ್ರ ಜಾರದಂತೆ ಬಿಟ್ಟುಬಿಟ್ಟು ಹಿಡಿಯಲು ಎಬಿಎಸ್ ಇದೆ. ೧೯೭೮ರಲ್ಲಿ ಮರ್ಸಿಡಿಸ್ಸಿನ ದೊಡ್ಡ ಕಾರಿನಲ್ಲಿ ಬಾಷ್ ಕಂಪನಿಯವರು ತಂದ ಆ ಸಾಧನ, ೨೦೧೯ರ ಏಪ್ರಿಲಿನಿಂದ ನಮ್ಮ ದೇಶದ ಹೊಸ ಕಾರುಗಳಿಗೆಲ್ಲ ಕಡ್ಡಾಯ. ಟೈರಿನ ಹಿಡಿತ ಮುಗಿದ ಮೇಲೆ ಆರು ಪಿಸ್ಟನ್ನಾದರೇನು, ಅರವತ್ತಾದರೇನು?

ಆದರೆ ನಮ್ಮ ಗೆಲುವು ಮಧ್ಯಾಹ್ನದವರೆಗೂ ಉಳಿಯಲಿಲ್ಲ. ಇಬ್ಬರೂ ಸುತ್ತಿಗೆ ಇಳಿದರು. ಮೊದಲ ಎರಡು ಸುತ್ತಿನಲ್ಲಿ ಸಮಸಮ. ಮೂರನೆಯದರಲ್ಲಿ ಅಳಿಯ ನಾಲ್ಕನೇ ತಿರುವಿಗೆ ಮುಂಚೆಯೇ ಬ್ರೇಕು ಒತ್ತತೊಡಗಿದನಂತೆ. ನಾಲ್ಕನೆಯದರಲ್ಲಿ ಪೆಡಲು ಎಂದಿಗಿಂತ ಕೆಳಗಿಳಿಯಿತು. ಒತ್ತಿದರೂ ಕಾರು ‘ಆಗಲಿ, ನೋಡೋಣ’ ಎಂದಂತೆ ಮುಂದೆ ಸರಿಯಿತು. ಅವನು ಬುದ್ಧಿವಂತ, ವೇಗ ಇಳಿಸಿ ಒಂದು ಸುತ್ತು ನಿಧಾನವಾಗಿ ಬಂದು ಬ್ರೇಕಿಗೆ ಗಾಳಿ ಕುಡಿಸಿ ಒಳಗೆ ತಂದ. ಸುಟ್ಟ ಕೂದಲಿಗೂ ಸುಟ್ಟ ರಬ್ಬರಿಗೂ ನಡುವಿನ ಒಂದು ವಾಸನೆ. ಡಿಸ್ಕಿನ ಶಾಖ ಐನೂರು ಡಿಗ್ರಿ ದಾಟಿರಬಹುದೆಂದರು. ಕೈಬ್ರೇಕು ಎಳೆಯಬೇಡಿ, ಬಿಸಿಗೆ ಪ್ಯಾಡು ಅಂಟಿಕೊಳ್ಳುತ್ತದೆ ಎಂದು ಯಾರೋ ಕೂಗಿದರು. ಆ ಹೊತ್ತಿಗೆ ಸಹೋದ್ಯೋಗಿ ತನ್ನ ಏಳನೆಯ ಸುತ್ತಿನಲ್ಲಿದ್ದ. ಮೊದಲ ಸಲ ಎಲ್ಲಿ ಒತ್ತಿದನೋ ಅಲ್ಲೇ ಒತ್ತುತ್ತಿದ್ದ.

ಆಗ ನಮಗೆ ತಿಳಿದದ್ದು ಇಷ್ಟು. ಕಾರ್ಖಾನೆಯ ಬ್ರೇಕು ಒಂದು ಸಲ, ಎರಡು ಸಲ, ದಿನಕ್ಕೆ ನೂರು ಸಲ ಬಿಡುವು ಕೊಟ್ಟು ಒತ್ತಿದರೆ ಯಾವ ದೊಡ್ಡ ಬ್ರೇಕಿಗೂ ಸೋಲುವುದಿಲ್ಲ. ಬಿಡುವಿಲ್ಲದೆ ಮೇಲಿಂದ ಮೇಲೆ ಬೆಂಕಿಯಲ್ಲಿ ನಿಲ್ಲಿಸಿದರೆ ಅದರ ಉಸಿರು ಕಟ್ಟುತ್ತದೆ. ದೊಡ್ಡ ಬ್ರೇಕಿನ ಬೆಲೆಯೆಲ್ಲ ಆ ತಾಳಿಕೆಯ ಬೆಲೆ.

ಹಿಂತಿರುಗುವಾಗ ನಮ್ಮ ತೀರ್ಪನ್ನು ಓದಿ ಹೇಳಿದೆವು. ಮೊದಲನೆಯದು: ನೀನು ವರ್ಷಕ್ಕೆ ಸರ್ಕಿಟ್ಟಿಗೆ ಬರುವುದು ಎರಡು ದಿನ, ಉಳಿದ ಮುನ್ನೂರ ಅರವತ್ತಮೂರು ದಿನ ಆಶ್ರಮ ಚೌಕದಲ್ಲಿ ನಿಂತಿರುತ್ತೀಯೆ. ಎರಡನೆಯದು: ನಿನ್ನ ಸ್ನೇಹಿತನ ಪ್ಯಾಡು ಬಿಸಿಯಾದರೆ ಚೆಂದ, ತಣ್ಣಗಿದ್ದಾಗ ಕಚ್ಚುವುದು ಕಡಿಮೆ, ಕಿರುಚುವುದು ಹೆಚ್ಚು. ಜನವರಿಯ ಬೆಳಿಗ್ಗೆ ಅವನ ಕಾಲೊನಿಯ ಚೌಕೀದಾರ ಆ ಕಿರುಚಾಟ ಕೇಳಿಯೇ ಗೇಟು ತೆಗೆಯುತ್ತಾನೆಂದು ಅವನೇ ಹೇಳಿದನಲ್ಲ! ಮೂರನೆಯದು: ದೊಡ್ಡ ಇಕ್ಕಳಕ್ಕೆ ದೊಡ್ಡ ಚಕ್ರ, ದೊಡ್ಡ ಚಕ್ರಕ್ಕೆ ತೆಳು ಟೈರು, ತೆಳು ಟೈರಿಗೆ ನಮ್ಮ ರಸ್ತೆಯ ಗುಂಡಿ, ಈ ಸಂಬಂಧ ಬೆಳೆಸಬೇಡ. ನಾಲ್ಕನೆಯದು: ಮುಂದಿನ ಬ್ರೇಕನ್ನು ಮಾತ್ರ ಬಲಪಡಿಸಿದರೆ ಹಿಂದಿನದರ ಜೊತೆ ಕಾರ್ಖಾನೆಯವರು ಅಳೆದಿಟ್ಟ ಹೊಂದಾಣಿಕೆ ಕೆಡಬಹುದು. ಐದನೆಯದು, ಇದು ನಮ್ಮ ಇಲಾಖೆಗೆ ಸೇರಿದ್ದು: ೧೯೮೮ರ ಮೋಟಾರು ವಾಹನ ಕಾಯಿದೆಯ ೫೨ನೇ ಕಲಮು. ತಯಾರಕರು ಕೊಟ್ಟ ವಿವರಕ್ಕೆ ವ್ಯತ್ಯಾಸ ಬರುವಂತೆ ವಾಹನವನ್ನು ಮಾರ್ಪಡಿಸುವಂತಿಲ್ಲವೆಂದು ೨೦೧೯ರಲ್ಲಿ ಸುಪ್ರೀಂ ಕೋರ್ಟು ಸ್ಪಷ್ಟವಾಗಿ ಹೇಳಿದೆ.

ಕೊನೆಗೆ ಮಂಜಿನ ಲೆಕ್ಕ. ೧೬೫ ಕಿಲೋಮೀಟರಿನ ಯಮುನಾ ಎಕ್ಸ್‌ಪ್ರೆಸ್ ದಾರಿಯಲ್ಲಿ ೨೦೧೭ರ ನವೆಂಬರಿನ ಹೊಗೆಮಂಜಿನಲ್ಲಿ ಹತ್ತಕ್ಕೂ ಹೆಚ್ಚು ವಾಹನ ಒಂದರ ಬೆನ್ನಿಗೊಂದು ಬಡಿದದ್ದನ್ನು ದೆಹಲಿಯವರೆಲ್ಲ ಟಿವಿಯಲ್ಲಿ ನೋಡಿದ್ದೇವೆ. ಐವತ್ತು ಮೀಟರ್ ಮಾತ್ರ ಕಾಣುವ ಮಂಜಿನಲ್ಲಿ ೮೦ರ ವೇಗವಿದ್ದರೆ, ಎದುರಿನದನ್ನು ಕಂಡು ಕಾಲು ಪೆಡಲಿಗೆ ಹೋಗುವ ಒಂದೂವರೆ ಸೆಕೆಂಡಿನಲ್ಲೇ ಮೂವತ್ತಮೂರು ಮೀಟರ್ ಕಳೆದಿರುತ್ತದೆ. ಆಮೇಲೆ ನಿಲ್ಲಲು ಇನ್ನೂ ಮೂವತ್ತು ಬೇಕು. ಉಳಿದಿರುವುದು ಹದಿನೇಳು. ಆ ಕೊರತೆಯನ್ನು ಯಾವ ಇಟಲಿಯ ಇಕ್ಕಳವೂ ತುಂಬಿಕೊಡದು. ವೇಗ ಇಳಿಸಿದ ಬಲಗಾಲು ಮಾತ್ರ ತುಂಬಿಕೊಡಬಲ್ಲುದು.

ಅಳಿಯ ಎಲ್ಲ ಕೇಳಿದ. ‘ಯೋಚನೆ ಮಾಡ್ತೀನಿ ಮಾವ’ ಎಂದ. ನಾವು ಆ ರಾತ್ರಿ ಅವನ ಹೆಂಡತಿಗೆ ಫೋನು ಮಾಡಿ, ‘ನಿಶ್ಚಿಂತೆಯಿಂದಿರಮ್ಮ’ ಎಂದೆವು. ನಮ್ಮ ಮೇಲೆ ನಮಗೇ ಗೌರವ ಉಕ್ಕಿತು.

ಇನ್ನು ನಾಚಿಕೆಯ ಭಾಗ. ಅದನ್ನು ಬರೆಯದೆ ಬಿಡಬಹುದಿತ್ತು. ನಮ್ಮ ಮನೆಯವರು ಬಿಡಲಿಲ್ಲ.

ಅಕ್ಟೋಬರಿನಲ್ಲಿ ಅವರ ಅಕ್ಕ ಊರಿನಿಂದ ಬಂದಿದ್ದರು. ಮೂವರೂ ನಮ್ಮ ಹನ್ನೊಂದು ವರ್ಷದ ಸಣ್ಣ ಕಾರಿನಲ್ಲಿ ಮಸ್ಸೂರಿಗೆ ಹೋದೆವು. ಎರಡು ದಿನ ಹಿಮಾಲಯ ನೋಡಿ ಮೂರನೆಯ ದಿನ ಡೆಹ್ರಾಡೂನಿನತ್ತ ಇಳಿಯಲು ಹೊರಟೆವು. ಬಿಸಿಲು ಹಿತವಾಗಿತ್ತು, ಹಿಂದಿನ ಸೀಟಿನಲ್ಲಿ ಅಕ್ಕತಂಗಿಯರು ತವರಿನ ಜಮೀನಿನ ಮಾತಿನಲ್ಲಿದ್ದರು. ನಾವು ನಾಲ್ಕನೇ ಗೇರಿನಲ್ಲಿ, ಬ್ರೇಕಿನ ಮೇಲೆ ಕಾಲಿಟ್ಟುಕೊಂಡೇ, ತಿರುವಿನ ಮೇಲೆ ತಿರುವು ಇಳಿಯುತ್ತಿದ್ದೆವು. ಅರ್ಧ ದಾರಿ ದಾಟಿರಬಹುದು. ಒಂದು ತಿರುವಿನಲ್ಲಿ ಪೆಡಲು ಒತ್ತಿದರೆ ಬೆಣ್ಣೆಗೆ ಕಾಲಿಟ್ಟಂತಾಯಿತು. ಮತ್ತೆ ಒತ್ತಿದೆವು. ಪೆಡಲು ನೆಲಕ್ಕೆ ಹೋಯಿತು, ಕಾರು ನಿಲ್ಲಲಿಲ್ಲ. ಎಡಕ್ಕೆ ಬೆಟ್ಟದ ಗೋಡೆ, ಬಲಕ್ಕೆ ಮೋಟುಗೋಡೆ, ಅದರಾಚೆ ಆಕಾಶ. ಮುಂದೆ ಮಕ್ಕಳು ತುಂಬಿದ ಒಂದು ಶಾಲೆಯ ಬಸ್ಸು.

ಆ ಒಂದು ಕ್ಷಣದಲ್ಲಿ ನಮಗೆ ನೆನಪಾದದ್ದು ಜೂಲೂ ಅಲ್ಲ, ಕಲಮು ಐವತ್ತೆರಡೂ ಅಲ್ಲ. ಸೋದರಮಾವ. ಆಗುಂಬೆಯ ಹದಿನಾಲ್ಕು ತಿರುವನ್ನು ದಿನವೂ ಏರಿಳಿಯುತ್ತಿದ್ದ ಅವರು ಹೇಳುತ್ತಿದ್ದ ಒಂದೇ ಮಾತು: ‘ಹತ್ತೋಕೆ ಯಾವ ಗೇರೋ ಇಳಿಯೋಕೂ ಅದೇ ಗೇರು.’ ಕೈ ತಾನಾಗಿ ಮೂರಕ್ಕೆ, ಎರಡಕ್ಕೆ ಎಳೆಯಿತು. ಎಂಜಿನ್ನು ಗೋಳಿಟ್ಟಿತು. ಕೈಬ್ರೇಕನ್ನು ಸ್ವಲ್ಪಸ್ವಲ್ಪವಾಗಿ ಎತ್ತಿದೆವು. ಅದು ತಂತಿಯದು, ಆಯಿಲ್ಲಿನ ಹಂಗಿಲ್ಲದ್ದು. ಕಾರು ಎಡಗಡೆಯ ಚರಂಡಿಗೆ ಒರೆಸಿಕೊಂಡು ಬಸ್ಸಿನ ಹಿಂದೆ ಒಂದು ಮಾರು ದೂರದಲ್ಲಿ ನಿಂತಿತು. ಹಿಂದಿನ ಸೀಟಿನಲ್ಲಿ ಮಾತು ನಿಂತಿತ್ತು. ಬಹಳ ಹೊತ್ತಿನ ಮೇಲೆ ಅಕ್ಕ, ‘ಯಾಕೆ ಭಾವ, ಕಾಫಿಗೆ ನಿಲ್ಲಿಸಿದಿರಾ?’ ಎಂದು ಕೇಳಿದರು. ನಮ್ಮ ಮನೆಯವರು ಏನೂ ಕೇಳಲಿಲ್ಲ. ಕನ್ನಡಿಯಲ್ಲಿ ನಮ್ಮ ಮುಖ ನೋಡಿದ್ದರು.

ಅಳಿಯನಿಗೆ ಫೋನು ಮಾಡಿದೆವು. ಅವನು ಗಾಬರಿಯಾಗದೆ, ‘ಮಾವ, ಒಂದು ಗಂಟೆ ಹಾಗೇ ಬಿಡಿ. ತಣ್ಣಗಾದರೆ ಪೆಡಲು ಬರುತ್ತೆ. ಎರಡನೇ ಗೇರಲ್ಲೇ ಇಳಿದು ಮೊದಲು ಸಿಕ್ಕ ಮೆಕ್ಯಾನಿಕ್ ಹತ್ತಿರ ನಿಲ್ಲಿಸಿ, ದೆಹಲಿಗೆ ಓಡಿಸಬೇಡಿ’ ಎಂದ. ಹಾಗೇ ಆಯಿತು. ಮೆಕ್ಯಾನಿಕ್ಕು ಆಯಿಲ್ಲಿನ ಡಬ್ಬಿ ತೆಗೆದ. ಜೇನಿನ ಬಣ್ಣವಿರಬೇಕಾದ್ದು ನಮ್ಮ ಫಿಲ್ಟರಿನ ಡಿಕಾಕ್ಷನ್ನಿನಂತೆ ಕಪ್ಪಾಗಿತ್ತು. ‘ಯಾವಾಗ ಬದಲಾಯಿಸಿದ್ದು?’ ಎಂದು ಕೇಳಿದ. ಏಳು ವರ್ಷದ ಹಿಂದೆಯೋ, ಅದಕ್ಕೂ ಮುಂಚೆಯೋ.

ಬ್ರೇಕ್ ಆಯಿಲ್ ಗಾಳಿಯ ತೇವವನ್ನು ಹೀರುವ ವಸ್ತು. ಡಾಟ್ ೪ ಎಂಬ ದರ್ಜೆಯದು ಹೊಸದಾಗಿದ್ದಾಗ ಕನಿಷ್ಠ ೨೩೦ ಡಿಗ್ರಿಯವರೆಗೆ ಕುದಿಯುವುದಿಲ್ಲ. ಒಂದಿಷ್ಟು ನೀರು ಹೀರಿದ ಮೇಲೆ ೧೫೫ಕ್ಕೇ ಕುದಿಯಬಹುದು. ಕುದಿದರೆ ಕೊಳವೆಯಲ್ಲಿ ಹಬೆ. ದ್ರವವನ್ನು ಒತ್ತಿದರೆ ಅದು ಒತ್ತಡವನ್ನು ಮುಂದಕ್ಕೆ ಒಯ್ಯುತ್ತದೆ. ಹಬೆಯನ್ನು ಒತ್ತಿದರೆ ಅದು ಸುಮ್ಮನೆ ಕುಗ್ಗುತ್ತದೆ. ಎರಡು ವರ್ಷಕ್ಕೊಮ್ಮೆ ಬದಲಾಯಿಸಿ ಎಂದು ಬಹುಪಾಲು ಕಾರುಗಳ ಕೈಪಿಡಿಯಲ್ಲೇ ಬರೆದಿರುತ್ತದೆ. ನಾವು ಸಂಸತ್ತಿನ ಕಾಯಿದೆ ಓದಿದ್ದೆವು, ಕೈಪಿಡಿ ಓದಿರಲಿಲ್ಲ.

ಆಮೇಲೆ ಅಳಿಯ ಲೆಕ್ಕ ಹಾಕಿ ತೋರಿಸಿದ. ಮಸ್ಸೂರಿಯಿಂದ ಡೆಹ್ರಾಡೂನಿಗೆ ಸುಮಾರು ೧೩೦೦ ಮೀಟರ್ ಇಳಿತ. ಜನ, ಗಂಟುಮೂಟೆ ಸೇರಿ ೧೨೦೦ ಕಿಲೋ ಆಗುವ ನಮ್ಮ ಬಡ ಕಾರು ಆ ಇಳಿತವನ್ನೆಲ್ಲ ಬ್ರೇಕಿನ ಮೇಲೆಯೇ ಇಳಿದರೆ ನಲವತ್ತೈದು ಲೀಟರಿಗೂ ಹೆಚ್ಚು ನೀರು ಕುದಿಸುವ ಶಾಖ. ಅವನ ಕಾರು ಇನ್ನೂರರಿಂದ ನಿಂತಾಗ ಎಂಟು. ಸರ್ಕಿಟ್ಟಿನ ಬೆಂಕಿಯನ್ನು ನೋಡಿ ನಕ್ಕು ಬಂದ ನಾವು, ಅದಕ್ಕಿಂತ ದೊಡ್ಡ ಬೆಂಕಿಯನ್ನು ನಮ್ಮ ಮನೆಯವರನ್ನು ಕೂರಿಸಿಕೊಂಡು ಹಚ್ಚಿದ್ದೆವು. ಎಂಜಿನ್ನು ಪುಕ್ಕಟೆಯಾಗಿ ಹೊತ್ತುಕೊಳ್ಳುತ್ತಿದ್ದ ಭಾರ ಅದು. ಗೇರು ಇಳಿಸುವ ಸೋಮಾರಿತನಕ್ಕೆ ಅದನ್ನು ಏಳು ವರ್ಷದ ಕಪ್ಪು ಆಯಿಲ್ಲಿನ ತಲೆಗೆ ಹೊರಿಸಿದ್ದೆವು.

ಇಷ್ಟೆಲ್ಲ ಹೇಳಿ ಅವನು ನಗಲಿಲ್ಲ. ನಕ್ಕಿದ್ದರೆ ಚೆನ್ನಾಗಿತ್ತು.

ಕೊನೆಗೆ ಏನಾಯಿತೆಂದರೆ, ಅವನು ಆ ನಾಲ್ಕು ಲಕ್ಷದ ಬ್ರೇಕನ್ನು ಹಾಕಿಸಲಿಲ್ಲ. ಕಾರ್ಖಾನೆಯ ಇಕ್ಕಳವನ್ನೇ ಉಳಿಸಿಕೊಂಡು ಹೊಸ ಆಯಿಲ್ ತುಂಬಿಸಿದ, ನಾಲ್ಕು ಒಳ್ಳೆಯ ಟೈರು ಹಾಕಿಸಿದ. ಸರ್ಕಿಟ್ಟಿನ ದಿನಕ್ಕೆಂದು ಬೇರೆ ಒಂದು ಜೊತೆ ಪ್ಯಾಡು ಇಟ್ಟುಕೊಂಡ. ಹೋಗುವ ಮುನ್ನ ಹಾಕಿ, ಬಂದ ಮೇಲೆ ಬಿಚ್ಚುತ್ತಾನಂತೆ. ಮೂರು ಸುತ್ತಿಗೊಮ್ಮೆ ನಿಧಾನ ಸುತ್ತು ಎಂದು ಅವನೇ ನಿಯಮ ಮಾಡಿಕೊಂಡಿದ್ದಾನೆ. ನಮ್ಮ ಉಪದೇಶದಿಂದ ಹೀಗಾಯಿತೆಂದು ನಾವು ಎಲ್ಲೂ ಹೇಳಿಕೊಂಡಿಲ್ಲ. ನಮ್ಮ ಕಾರಿಗೂ ಹೊಸ ಪ್ಯಾಡು, ಹೊಸ ಆಯಿಲ್ ಆಯಿತು. ಎರಡೂ ಸೇರಿ ಖರ್ಚು ನಾವು ಮೂವರು ಮಸ್ಸೂರಿಯಲ್ಲಿ ತಿಂದು ಕುಡಿದದ್ದಕ್ಕಿಂತ ಕಡಿಮೆ. ಬದಲಾಯಿಸಿದ ತಾರೀಕನ್ನು ನಮ್ಮ ಮನೆಯವರು ಅಡಿಗೆಮನೆಯ ಪಂಚಾಂಗದಲ್ಲಿ ಏಕಾದಶಿಯ ಪಕ್ಕದಲ್ಲಿ ಬರೆದಿಟ್ಟಿದ್ದಾರೆ.

ಡಿಸೆಂಬರಿನ ಒಂದು ಮಂಜಿನ ಬೆಳಗಿನ ಜಾವ ಗುರುಗ್ರಾಮದಿಂದ ಫೋನು ಬಂತು. ಹೆಣ್ಣು ಮಗು. ನಾವು ಕಾರು ತೆಗೆದೆವು. ರಿಂಗ್ ರೋಡಿನಲ್ಲಿ ಮುಂದಿನ ವಾಹನದ ಕೆಂಪು ದೀಪ ಮಾತ್ರ ಕಾಣುತ್ತಿತ್ತು. ಮೂವತ್ತರ ವೇಗದಲ್ಲಿ ಹೋದೆವು. ಹಿಂದಿನವರು ಹಾರನ್ ಬಾರಿಸಿದರು, ಬೈದರು, ನಮಗೆ ಬೇಸರವಾಗಲಿಲ್ಲ. ಆಸ್ಪತ್ರೆಯ ಅಂಗಳದಲ್ಲಿ ಆ ಜರ್ಮನ್ ಕಾರು ನಿಂತಿತ್ತು. ಅದರ ಪಕ್ಕದಲ್ಲಿ ನಮ್ಮದನ್ನು ನಿಲ್ಲಿಸಿ, ಕೈಬ್ರೇಕು ಎಳೆದು, ಪೆಡಲನ್ನು ಇನ್ನೊಮ್ಮೆ ಒತ್ತಿ ನೋಡಿ ಇಳಿದೆವು. ಗಟ್ಟಿಯಾಗಿತ್ತು.